ಎರಡನೇ ದಿನದ ಮಹಡಿ

ಹೋದ ವಾರ ನಮ್ಮ ಚಿಕ್ಕಮ್ಮನ ಸೊಸೆ ಫೋನ್ ಮಾಡಿದ್ದಳು. ಅವಳ ಮಗಳಿಗೆ ಹೊಸೂರಿನ ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆಯಂತೆ. "ಅಕ್ಕಾ, ನೀವು ಅಲ್ಲೇ ಎಷ್ಟೋ ವರ್ಷ ಇದ್ದೋರಲ್ವಾ, ಕಾಲೇಜಿನ ಹತ್ರ ಉಳ್ಕೊಳ್ಳೋಕೆ ಒಳ್ಳೇ ಜಾಗ ಯಾವುದು? ಊಟ ಎಲ್ಲಿ ಚೆನ್ನಾಗಿರುತ್ತೆ? ಒಂದಿನ ಸುತ್ತಾಡೋಕೆ ಏನಾದ್ರೂ ಇದೆಯಾ?" ಅಂತ ಒಂದೇ ಉಸಿರಿಗೆ ಕೇಳಿದಳು. ಒಂದು ಕಾಲದಲ್ಲಿ ಈ ಮೂರಕ್ಕೂ ನನ್ನ ಹತ್ತಿರ ಒಂದೇ ಉತ್ತರ ಇತ್ತು. "ಗೇಟಿನ ಎದುರು ಮಹಡಿಯಮ್ಮನ ಮನೆಗೆ ಹೋಗಿ" ಅನ್ನೋದು ಬಾಯಿ ತನಕ ಬಂದೇಬಿಟ್ಟಿತು. ಆಮೇಲೆ ನೆನಪಾಯಿತು, ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು ಅಂತ. ವಿಚಾರಿಸಿ ಹೇಳ್ತೀನಿ ಅಂದು ಫೋನ್ ಇಟ್ಟೆ. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿ ಹೋಗಿದ್ದು ಗೊತ್ತೇ ಆಗಲಿಲ್ಲ.

ನಾನಾಗ ಆ ಕಾಲೇಜಿನ ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್. ನಮ್ಮ ಯಜಮಾನರಿಗೆ ಮೂಕಂಡಪಲ್ಲಿಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ತಿಪಟೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ನಾವು. ಕಾಲೇಜು ಇದ್ದದ್ದು ಟೌನಿಂದಾಚೆ, ಉದ್ದನಪಲ್ಲಿಗೆ ಹೋಗುವ ದಾರಿಯಲ್ಲಿ. ಸುತ್ತ ರಾಗಿ ಹೊಲ, ಟೊಮೇಟೊ, ಅಲ್ಲೊಂದು ಇಲ್ಲೊಂದು ಮಾವಿನ ತೋಪು. ಲಾಡ್ಜು ಅನ್ನುವುದು ಹೆಸರಿಗೂ ಇರಲಿಲ್ಲ. ಗೇಟಿನೆದುರು ಒಂದು ಟೀ ಅಂಗಡಿ, ಒಂದು ಮೆಡಿಕಲ್ ಶಾಪ್, ಒಂದು ಜೆರಾಕ್ಸ್, ಒಂದು ಎಸ್.ಟಿ.ಡಿ. ಬೂತು, ಅದರ ಪಕ್ಕಕ್ಕೆ ಆಕೆಯ ಮನೆ. ಕೆಳಗೆ ಆಕೆ, ಎರಡು ಹಸು, ದೊಡ್ಡ ಅಡುಗೆಮನೆ. ಮಹಡಿಯ ಮೇಲೆ ಸಾಲಾಗಿ ನಾಲ್ಕು ರೂಮು, ರೂಮುಗಳ ಮುಂದೆ ಬಟ್ಟೆ ಒಣಗಿಸುವಷ್ಟು ಬಯಲು. ಬೋರ್ಡಿರಲಿಲ್ಲ. ಕನ್ನಡದವರು ಮಹಡಿಯಮ್ಮ ಅಂದರು, ತಮಿಳಿನವರು ಮಾಡಿವೀಟ್ಟಮ್ಮ ಅಂದರು, ತೆಲುಗಿನವರು ಬಾಯಿಗೆ ಬಂದ ಹಾಗೆ ಅಂದರು. ಆಕೆ ಮೂರು ಭಾಷೆಯಲ್ಲೂ ಓಗೊಡುತ್ತಿದ್ದಳು, ಮೂರರಲ್ಲೂ ಬೈಯುತ್ತಿದ್ದಳು.

ಅರವತ್ತು ದಾಟಿದ, ಎತ್ತರದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮತ್ತೆ ಅದು ಈಚೆ ಬರುತ್ತಿದ್ದದ್ದು ಕೈ ಒರೆಸೋಕೆ ಮಾತ್ರ. ಕಾಲೇಜಿಗೆ ಜಾಗ ಕೊಟ್ಟವರಲ್ಲಿ ಆಕೆಯ ಗಂಡನೂ ಒಬ್ಬ. "ನಿಮ್ ಹಾಸ್ಟೆಲ್ ನಿಂತಿರೋದು ನಮ್ ರಾಗಿ ಹೊಲ್ದಾಗೆ. ನೀವು ಅನ್ನ ಬೇಯಿಸ್ತೀರಲ್ಲ, ಅದು ನಮ್ ಕಣ" ಅಂತ ನನಗೆ ಎಷ್ಟು ಸಲ ಹೇಳಿದ್ದಾಳೋ. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಗತ್ತಿತ್ತು. ಒಳಗೆ ಓದುವ ಸಾವಿರ ಮಕ್ಕಳೂ ತನ್ನ ಹೊಲಕ್ಕೆ ಬಂದವರು ಅನ್ನುವ ಲೆಕ್ಕ ಆಕೆಯದು.

ಆಗಸ್ಟಿನಲ್ಲಿ ಅಡ್ಮಿಷನ್ ಶುರುವಾದರೆ ನಾಲ್ಕು ರೂಮೂ ತುಂಬಿ, ಬಯಲಲ್ಲೂ ಚಾಪೆ ಬೀಳುತ್ತಿತ್ತು. ಊಟಕ್ಕೆ ಇಂಥದ್ದೇ ಅಂತಿಲ್ಲ. ಬಂದವರ ಮುಖ ನೋಡಿ ಒಲೆ ಹಚ್ಚುತ್ತಿದ್ದಳು. ಹುರುಳಿಕಾಳು ಸಾರು, ಮುದ್ದೆ, ಮಧುರೈ ಕಡೆಯವರಾದರೆ ಅನ್ನ, ಹುಣಿಸೆಹುಳಿ ಕುಳಂಬು. ನೀಲಂ ಮಾವು ಮುಗಿಯುವ ತನಕ ತಟ್ಟೆಯ ಪಕ್ಕ ಒಂದೊಂದು ಹಣ್ಣು ಇದ್ದೇ ಇರುತ್ತಿತ್ತು.

ನೋಡುವ ಜಾಗಗಳನ್ನೂ ಮುಖ ನೋಡಿಯೇ ಹಂಚುತ್ತಿದ್ದಳು. ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಟ್ಟು ಬಂದು ಕಣ್ಣೊರೆಸಿಕೊಳ್ಳುವ ತಾಯಂದಿರಿಗೆ ಹೊಸೂರು ಬೆಟ್ಟದ ಚಂದ್ರಚೂಡೇಶ್ವರ. "ಮೆಟ್ಲು ಹತ್ತಿ. ಏದುಸ್ರು ಬಿಡೋದೇ ಕೆಲ್ಸ ಆಗ್ಬುಟ್ರೆ ಅಳಾಕೆ ಪುರುಸೊತ್ತಿರಲ್ಲ." ಮಾತೇ ಆಡದೆ ಗೋಡೆ ನೋಡಿಕೊಂಡು ಕೂರುವ ಅಪ್ಪಂದಿರಿಗೆ ಕೃಷ್ಣಗಿರಿ ಡ್ಯಾಮು. ಅಲ್ಲಿ ಕರಿದ ಮೀನು ಸಿಗುತ್ತೆ, ನೀರು ನೋಡುತ್ತಾ ತಿನ್ನಬಹುದು. "ಮಗಳಿಗೆ ಈ ಕಾಲೇಜು ಬೇಡ ಅಂದಿದ್ದೆ, ನೀವೇ ಕೇಳ್ಲಿಲ್ಲ" ಅಂತ ಜಗಳ ಶುರು ಮಾಡಿದ ಗಂಡಹೆಂಡಿರನ್ನು ರಾಯಕೋಟೆಯ ಕೋಟೆಗೆ ಅಟ್ಟುತ್ತಿದ್ದಳು. "ಮ್ಯಾಲೆ ಯಾರೂ ಇರಲ್ಲ, ಹೊಟ್ಟೆ ತುಂಬ ಕಿತ್ತಾಡ್ಕೊಂಡು ಸಂಜೆಗೆ ಬನ್ನಿ." ಸಂಜೆಗೆ ಅವರು ಸುಸ್ತಾಗಿ, ಒಬ್ಬರ ಚಪ್ಪಲಿ ಇನ್ನೊಬ್ಬರು ಹಿಡಿದುಕೊಂಡು ಬರುತ್ತಿದ್ದರು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆದರೆ ಒಂದು ಕಟ್ಟುನಿಟ್ಟು. ಮಗುವನ್ನು ಬಿಟ್ಟ ದಿನವೇ ಊರಿಗೆ ಹೊರಡುತ್ತೇವೆ ಅನ್ನುವವರಿಗೆ ಆಕೆ ರೂಮು ಕೊಡುತ್ತಿರಲಿಲ್ಲ. ಎರಡನೇ ದಿನ ಇದ್ದೇ ಹೋಗಬೇಕು. ಆಗ ಹಾಸ್ಟೆಲ್ಲಿಂದ ಕ್ಲಾಸಿಗೆ ಹೋಗುವ ದಾರಿ ರಸ್ತೆ ಕಡೆಯ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ಗೋಡೆ ಗಿಡ್ಡ, ಮೇಲೆ ಬರೀ ಮುಳ್ಳುತಂತಿ. ಮಹಡಿಯ ಬಯಲಲ್ಲಿ ನಿಂತರೆ ಆ ದಾರಿ ಅಂಗೈ ಥರ ಕಾಣೋದು. ಬೆಳಗ್ಗೆ ಎಂಟಕ್ಕೆ ಆಕೆ ತಂತಿಗೆ ಬೆಡ್‌ಶೀಟು ಹರವುವಳು. ಅದರ ಹಿಂದೆ ಅಪ್ಪ ಅಮ್ಮಂದಿರು ಉಸಿರು ಬಿಗಿಹಿಡಿದು ನಿಲ್ಲುವರು. ಮಕ್ಕಳು ಸಾಲಾಗಿ ಹೋಗುವುದನ್ನು ಸಂದಿಯಲ್ಲಿ ನೋಡಬೇಕು. ಕೂಗಬಾರದು, ಕೈ ಬೀಸಬಾರದು. ಮಗು ಸ್ನಾನ ಮಾಡಿದೆ, ತಲೆ ಬಾಚಿದೆ, ಪಕ್ಕದವಳ ಜೊತೆ ಏನೋ ಕಿಸಕ್ಕನೆ ನಗುತ್ತಿದೆ ಅಂತ ಕಂಡ ಮೇಲೆ ಚೀಲ ಎತ್ತಬಹುದು. ಹೊರಡುವಾಗ ಮೆಟ್ಟಿಲ ಕೆಳಗೆ ನಿಂತು ಎಲ್ಲರನ್ನೂ ಕೇಳುವಳು: "ಯಾವ್ ಮುಖ ತಗೊಂಡು ಹೋಗ್ತಾ ಇದ್ದೀರಿ?"

ಇದೆಲ್ಲ ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಹಾಸ್ಟೆಲ್ಲಿನ ನಿಯಮ ಏನೆಂದರೆ, ಮೊದಲ ಹದಿನೈದು ದಿನ ತಂದೆತಾಯಿ ಮುಖ ತೋರಿಸುವಂತಿಲ್ಲ. ತೋರಿಸಿದರೆ ಮಕ್ಕಳು ನಿಲ್ಲುವುದಿಲ್ಲ. ನಾನೋ, ನಿಯಮ ಅಂದರೆ ನಿಯಮ ಅನ್ನುವವಳು. ಆಗ ನನ್ನ ಹಿಂದೆ ಹುಡುಗಿಯರು ನನ್ನನ್ನು ಏನಂತ ಕರೆಯುತ್ತಿದ್ದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಿಡಿ.

ಮೂರನೇ ವರ್ಷ ಎಡವಟ್ಟಾಯಿತು. ಡೆಂಕಣಿಕೋಟೆ ಕಡೆಯ ಒಬ್ಬ ಅಪ್ಪ, ಆಳು ಬಾಗಿಲಷ್ಟು ಅಗಲ. ಮಗಳು ಹೊಸ ಚಪ್ಪಲಿ ಕಚ್ಚಿ ಸ್ವಲ್ಪ ಕುಂಟುತ್ತಾ ಬರುತ್ತಿದ್ದಳು. ಅದನ್ನು ಕಂಡದ್ದೇ ತಡ, ಬೆಡ್‌ಶೀಟು ಕಿತ್ತೆಸೆದು, "ಪಾಪೂ! ಯಾಕ್ ಕುಂಟ್ತಾ ಇದ್ದೀಯಾ? ಕಾಲ್ಗೆ ಏನಾಯ್ತೇ?" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟ. ಹುಡುಗಿ ತಲೆ ಎತ್ತಿದಳು. ಅಪ್ಪಾ ಅಂತ ಚೀರಿ ತಂತಿಬೇಲಿಗೆ ಓಡಿದಳು. ಮಿಕ್ಕವರೂ ತಲೆ ಎತ್ತಿದರು. ನೋಡಿದರೆ ಬೆಡ್‌ಶೀಟಿನ ಹಿಂದೆ ಎಲ್ಲರ ಮನೆಯವರೂ ಇದ್ದಾರೆ! ಅಯ್ಯೋ, ಆಮೇಲಿನ ಕಥೆ ಕೇಳಬೇಡಿ. ಅಮ್ಮಾ, ಅಪ್ಪಾ, ನಾನ್ನಾ ಅಂತ ಅರವತ್ತು ಹುಡುಗಿಯರು ಒಟ್ಟಿಗೆ ಅತ್ತರು. ಅವತ್ತು ಮೊದಲ ಪೀರಿಯಡ್ ನಡೆಯಲೇ ಇಲ್ಲ. ಇಬ್ಬರು ಹುಡುಗಿಯರು ಅವತ್ತೇ ಪೆಟ್ಟಿಗೆ ಸಮೇತ ಊರಿಗೆ ಹೋದರು. ಒಬ್ಬಳು ವಾಪಸ್ ಬಂದಳು, ಇನ್ನೊಬ್ಬಳು ಬರಲೇ ಇಲ್ಲ.

ನನ್ನ ಮೈ ಉರಿದುಹೋಯಿತು. ಮೊದಲು ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದೆ. ಎದುರು ಮನೆಯ ಮಹಡಿಯಿಂದ ಹಾಸ್ಟೆಲ್ ಮಕ್ಕಳಿಗೆ ತೊಂದರೆಯಾಗುತ್ತಿದೆ, ಮಹಡಿ ಕಾಣದ ಹಾಗೆ ಮರೆ ಕಟ್ಟಿಸಬೇಕು ಅಂತ, ಒಂದೊಂದು ವಾಕ್ಯವನ್ನೂ ಹಲ್ಲು ಕಚ್ಚಿ ಬರೆದೆ. ಅದನ್ನು ಆಫೀಸಿಗೆ ಕೊಟ್ಟು, ಅದೇ ಉರಿಯಲ್ಲಿ ರಸ್ತೆ ದಾಟಿ ಆಕೆಯ ಮನೆಗೆ ನುಗ್ಗಿದೆ.

ಆಕೆ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ನಾನು ಏನೇನು ಅಂದೆನೋ, ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ತಪ್ಪಾಗೋಯ್ತು ಕಣಮ್ಮ. ಆ ಮನುಷ್ಯನ್ನ ಡ್ಯಾಮ್‌ಗೆ ಕಳ್ಸಿದ್ದೆ, ಬೆಟ್ಟಕ್ಕೆ ಕಳಿಸ್ಬೇಕಿತ್ತು" ಅಂದಳು. ನಗಬಾರದು ಅಂತ ಎಷ್ಟು ಬಿಗಿಹಿಡಿದರೂ ನನಗೆ ನಗು ಬಂತು. ನಗು ಬಂದ ಮೇಲೆ ಜಗಳ ಎಲ್ಲಿ ಆಗುತ್ತೆ? ಬಾ ಅಂತ ಒಳಗೆ ಕೂರಿಸಿ ಮುದ್ದೆ ಬಡಿಸಿದಳು.

ಅವತ್ತೇ ಹೇಳಿದ್ದು. ಆಕೆಗೆ ಒಬ್ಬನೇ ಮಗ. ಎಂಟು ವರ್ಷದವನನ್ನು ಕೃಷ್ಣಗಿರಿಯ ಹಾಸ್ಟೆಲ್ಲಿಗೆ ಬಿಟ್ಟು, ಅವನು ಗೇಟು ಹಿಡಿದುಕೊಂಡು ಅಳುತ್ತಿದ್ದಾಗಲೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. "ಕಣ್ ಮುಚ್ಚುದ್ರೂ ಅದೇ ಅಳೋ ಮುಖ. ನಾಲ್ಕ್ ತಿಂಗ್ಳು ಗಂಟ್ಲಾಗೆ ಅನ್ನ ಇಳೀಲಿಲ್ಲ. ಹಬ್ಬಕ್ಕೆ ಬಂದ, ಕೇಳ್ದೆ: ಎಷ್ಟೊತ್ತು ಅತ್ಯೋ ಮಗ? ಅದುಕ್ಕೆ ಅವ್ನು, 'ಬಸ್ ತಿರುಗ್ತು, ಅಷ್ಟ್ರಾಗೆ ಯಾರೋ ಗೋಲಿ ಆಡಾಕೆ ಕರುದ್ರು, ಹೋಗ್ಬುಟ್ಟೆ' ಅಂದ! ನೋಡು ತಾಯೀ, ಅವ್ನು ಐದು ನಿಮ್ಸ ಅತ್ತ, ನಾನು ನಾಲ್ಕ್ ತಿಂಗ್ಳು ಅತ್ತೆ. ಕೊನೇಲಿ ನೋಡಿದ್ ಮುಖಾನೇ ನಾವು ಮನೆಗೆ ತಗೊಂಡೋಗೋದು. ಅಳೋ ಮುಖ ತಗೊಂಡು ಯಾರೂ ಊರಿಗೆ ಹೋಗ್ಬಾರ್ದು, ನಮ್ ಹೊಲ್ದಿಂದಂತೂ ಹೋಗ್ಬಾರ್ದು."

ನಾನು ತಲೆ ತಗ್ಗಿಸಿ ಉಂಡೆ. ಕಾಗದದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮಾರನೇ ದಿನ ಆಫೀಸಿಗೆ ಹೋಗಿ ವಾಪಸ್ ಕೇಳಿದೆ. ಅದು ಆಗಲೇ ಮೇಲಕ್ಕೆ ಹೋಗಿದೆ ಮೇಡಂ ಅಂದರು. ಬಿಡು, ಬಾತ್‌ರೂಮಿನ ನಲ್ಲಿ ರಿಪೇರಿಗೆ ನಾನು ಬರೆದ ಆರು ಕಾಗದ ಮೇಲಕ್ಕೆ ಹೋಗಿ ಅಲ್ಲೇ ಕೂತಿವೆ, ಇದೂ ಕೂರುತ್ತೆ ಅಂದುಕೊಂಡೆ.

ಕೂರಲಿಲ್ಲ. ಮುಂದಿನ ಬೇಸಿಗೆ ರಜೆ ಮುಗಿಸಿ ತಿಪಟೂರಿನಿಂದ ಬಂದು ನೋಡುತ್ತೇನೆ, ಕಾಂಪೌಂಡಿನ ಮೇಲೆ ಆಳೆತ್ತರದ ತಗಡು ನಿಂತಿದೆ, ಗೇಟಿನಿಂದ ಹಾಸ್ಟೆಲ್ಲಿನ ತನಕ. ಮಹಡಿಯ ಮೇಲೆ ನಿಂತರೆ ದಾರಿಯೂ ಇಲ್ಲ, ಮಕ್ಕಳೂ ಇಲ್ಲ. ಹೊಳೆಯುವ ತಗಡು ಒಂದೇ.

ನಾನೇ ಹೋಗಿ ಹೇಳಿದೆ. ನನ್ನ ಕಾಗದದಿಂದಲೇ ಆದದ್ದು ಅಂತ. ಆಕೆ ತಗಡು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. "ಕಾಗ್ದ ಚೆನ್ನಾಗ್ ಬರ್ದಿದ್ದೀಯ ಬುಡು" ಅಂದು ಕಾಫಿ ಕೊಟ್ಟಳು.

ಆ ಆಗಸ್ಟು ಮೊದಲ ಬ್ಯಾಚಿನ ತಂದೆತಾಯಿಯರಿಗೆ ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ, ಈಗ ನೋಡೋಕೆ ಏನಿಲ್ಲ, ಇವತ್ತೇ ಹೊರಡಿ ಅಂತ. ಸಂಜೆ ಗೇಟಿನ ಬಳಿ ನಿಂತು ನೋಡಿದೆ. ಬಸ್ ಸ್ಟಾಪಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬ ತಾಯಿ ಕರ್ಚೀಫು ಬಾಯಿಗೆ ತುರುಕಿಕೊಂಡು, ಹತ್ತಿದ ಬಸ್ಸಿನ ಕಿಟಕಿಯಿಂದ ತಗಡನ್ನೇ ನೋಡುತ್ತಿದ್ದಳು. ಇದು ನನ್ನ ಕೈಬರಹದ ಕೆಲಸ ಅಂತ ಅನ್ನಿಸಿ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಬ್ಯಾಚು ಬರುವುದಕ್ಕೆ ಒಂದು ವಾರವಿತ್ತು. ಪ್ರಿನ್ಸಿಪಾಲರ ಬಳಿ ಹೋಗಿ ಕೇಳಿದೆ: "ಸಾರ್, ಹೊಸ ಹುಡುಗಿಯರಿಗೆ ಊರು ಗೊತ್ತಿರಲ್ಲ. ಎರಡನೇ ದಿನ ಬೆಳಗ್ಗೆ ನಾನೇ ಗೇಟಿನಾಚೆ ಕರ್ಕೊಂಡು ಹೋಗಿ ಬಸ್ ಸ್ಟಾಪ್ ಯಾವುದು, ಮೆಡಿಕಲ್ ಶಾಪ್ ಯಾವುದು, ಎಸ್.ಟಿ.ಡಿ. ಬೂತ್ ಎಲ್ಲಿ ಅಂತ ತೋರಿಸಿ ತರ್ತೀನಿ." ಒಳ್ಳೇ ಐಡಿಯಾ ಅಂದರು. ಗೇಟಿನಾಚೆ ಹೋಗಿ ಬರಬೇಕಾದರೆ ಆಕೆಯ ಮಹಡಿಯ ಬುಡದಲ್ಲೇ ಹೋಗಬೇಕು ಅನ್ನುವುದನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಆ ಬ್ಯಾಚಿನಲ್ಲಿ ತಾಳವಾಡಿ ಕಡೆಯ ಒಬ್ಬಳು ಹುಡುಗಿ ಬಂದಳು. ಅಪ್ಪ ಟೈಲರು. ತಾನೇ ಹೊಲಿದ ನೀಲಿ ಚೂಡಿದಾರ ಹಾಕಿಸಿ ಕರೆತಂದಿದ್ದ. ತಾಯಿಯಿಲ್ಲದ ಮಗು. ಬಂದ ಮಧ್ಯಾಹ್ನವೂ ಉಣ್ಣಲಿಲ್ಲ, ರಾತ್ರಿಯೂ ಉಣ್ಣಲಿಲ್ಲ, ಯಾರ ಜೊತೆಯೂ ತುಟಿ ಬಿಚ್ಚಲಿಲ್ಲ. ರಾತ್ರಿ ನಾನು ಮಹಡಿಯಮ್ಮನಿಗೆ ಮಾರನೇ ದಿನದ ಏರ್ಪಾಡು ಹೇಳಲು ಹೋದಾಗ ಆ ಅಪ್ಪ ಹವಾಯಿ ಚಪ್ಪಲಿಯ ಕಾಲು ಚಾಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. "ಉಂಡ್ಲಾ ಮೇಡಂ?" ಅಂದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಾಳೆನೂ ಉಣ್ಲಿಲ್ಲ ಅಂದ್ರೆ ಕರ್ಕೊಂಡೇ ಹೊಂಟೋಯ್ತೀನಿ. ಓದು ಹೋದ್ರೆ ಹೋಗ್ಲಿ, ಮಗ ಇರ್ಬೇಕಲ್ಲ ನಂಗೆ" ಅಂದ. ಒಳ್ಳೆಯ ಮಾರ್ಕು ತೆಗೆದು ಬಂದ ಹುಡುಗಿ ಅದು. ಹಿಂದೆ ಹೋಗಿ ವಾಪಸ್ ಬಾರದೆ ಇದ್ದವಳು ನನಗೆ ನೆನಪಾದಳು.

ಬೆಳಗ್ಗೆ ಮೆಸ್ಸಿನಲ್ಲಿ ಇಡ್ಲಿ. ಅದೇ ನೀಲಿ ಚೂಡಿದಾರದಲ್ಲಿ ಕೂತಿದ್ದ ಅವಳ ತಟ್ಟೆ ನೋಡಿದೆ, ಮುಟ್ಟಿರಲಿಲ್ಲ. ಏನು ಮಾಡಲಿ, ಎಲ್ಲರನ್ನೂ ಸಾಲು ಮಾಡಿ ಹೊರಟೆ. ಗೇಟು ದಾಟಿದೆವು. ಮಹಡಿಯ ಮೇಲೆ ಬೆಡ್‌ಶೀಟುಗಳು ಸಾಲಾಗಿ ಒಣಗುತ್ತಿವೆ, ಕೆಳಗೆ ಸಾಲಾಗಿ ಕಾಲುಗಳು! ಬೂಟು, ಹವಾಯಿ ಚಪ್ಪಲಿ, ಕಾಲುಂಗುರ, ಎಲ್ಲ ಕಾಣುತ್ತಿದೆ. ಹುಡುಗಿಯರು ಪುಣ್ಯಕ್ಕೆ ಮೆಡಿಕಲ್ ಶಾಪ್ ಕಡೆ ನೋಡುತ್ತಿದ್ದರು. ನಾನು ದೊಡ್ಡ ದನಿಯಲ್ಲಿ ಜೆರಾಕ್ಸ್ ಅಂಗಡಿಯ ಮಹಿಮೆ ಹೇಳತೊಡಗಿದೆ. ಜೆರಾಕ್ಸಿನ ಬಗ್ಗೆ ಅಷ್ಟು ಹೊತ್ತು ಯಾರೂ ಮಾತಾಡಿರಲಾರರು.

ಅಷ್ಟರಲ್ಲಿ ಬೆಡ್‌ಶೀಟು ಸರಿಸಿಕೊಂಡು ಮಹಡಿಯಮ್ಮನೇ ಈಚೆ ಬಂದಳು. ಕೂಗಬಾರದು ಅಂತ ನಿಯಮ ಮಾಡಿದ್ದವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗಂಟಲು ಬಿಟ್ಟು ಕೂಗಿದಳು:

"ಲೇ ಮಕ್ಳಾ! ಎಲ್ರೂ ತಿಂಡಿ ತಿಂದ್ರೇನ್ರೇ?" ಅದನ್ನೇ ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ.

ಬೆಡ್‌ಶೀಟಿನ ಹಿಂದೆ ನಿಂತಿದ್ದ ಅಷ್ಟೂ ಜನ ಕೇಳಬೇಕು ಅಂತಿದ್ದದ್ದು ಅದೊಂದನ್ನೇ. ಹುಡುಗಿಯರು ತಲೆ ಎತ್ತಿ ನೋಡಿ, ಯಾರೋ ಅಜ್ಜಿ ಅಂತ ನಕ್ಕು, ತಿಂದ್ವಿ ಅಜ್ಜಿ, ಸಾಪ್ಟಾಚು ಪಾಟಿ ಅಂತ ಒಟ್ಟಿಗೆ ಕೂಗಿದರು. ಹಿಂದಿನ ಕಾಲುಗಳು ಅಲುಗಾಡಿದವು. ಒಂದೂ ಹೊರಗೆ ಬರಲಿಲ್ಲ.

"ಆ ನೀಲಿ ಬಟ್ಟೆಯವ್ಳು ಬಾಯೇ ಬಿಡ್ಲಿಲ್ವಲ್ಲ! ಏನವ್ವ, ನೀನು ತಿನ್ನಲಿಲ್ವಾ?"

ಹುಡುಗಿ ನೆಲ ನೋಡಿದಳು. ಎಲ್ಲರೂ ಅವಳ ಕಡೆ ತಿರುಗಿದರು. "ಇಲ್ಲ" ಅಂದಳು, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ.

"ಯಾಕಂತೆ? ಏನ್ ಬೇಕು ನಿಂಗೆ?"

"ಮುದ್ದೆ" ಅಂದಳು.

ಪಕ್ಕದಲ್ಲಿದ್ದ ತಮಿಳು ಹುಡುಗಿ ಏನದು ಅಂದಳು, ಇನ್ನೊಬ್ಬಳು ನಿಮ್ಮ ತಮಿಳಿನ ಕಳಿ ಅಂದಳು, ನಗುವೋ ನಗು. ಮಹಡಿಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ! ರಾಗಿ ಹೊಲ್ದಾಗೆ ಮಲಗಿ ಎದ್ದು, ಮುದ್ದೆ ಸಿಗ್ಲಿಲ್ಲ ಅಂತ ಅಳ್ತಾ ಅವ್ಳಲ್ಲಪ್ಪಾ ಈ ಮಗ! ಮಧ್ಯಾಹ್ನ ಕಳಿಸ್ತೀನಿ, ಎರಡು ಉಂಡಿಲ್ಲ ಅಂದ್ರೆ ನಾನೇ ಬತ್ತೀನಿ ನೋಡು ಅಲ್ಲಿಗೆ!" ಆ ಹುಡುಗಿಗೆ ನಗು ಬಂತು. ಮೊದಲ ಸಲ ಅವಳ ಹಲ್ಲು ಕಂಡೆ. ಬೆಡ್‌ಶೀಟಿನ ಕೆಳಗಿದ್ದ ಒಂದು ಜೊತೆ ಹವಾಯಿ ಚಪ್ಪಲಿ ಮೆಲ್ಲಗೆ ಹಿಂದಕ್ಕೆ ಸರಿದು, ಗೋಡೆಗೊರಗಿ ಕೂತಿತು.

ಹೊರಗಿನ ಊಟ ಒಳಗೆ ತರುವಂತಿಲ್ಲ ಅನ್ನುವುದು ನಾನೇ ಬರೆದು ಅಂಟಿಸಿದ್ದ ನಿಯಮ. ಮಧ್ಯಾಹ್ನ ಒಂದೂವರೆಗೆ ಕ್ಯಾರಿಯರ್ ಹಿಡಿದು ಗೇಟು ದಾಟಿದವಳೂ ನಾನೇ. ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ, ಕ್ಯಾರಿಯರ್ ಕಡೆ ನೋಡಲಿಲ್ಲ. ಹುಡುಗಿ ಒಂದು ಮುದ್ದೆ ಪೂರ್ತಿ, ಇನ್ನೊಂದರಲ್ಲಿ ಅರ್ಧ ಉಂಡಳು. ಉಳಿದರ್ಧವನ್ನು ಸುತ್ತ ಕೂತವರು ರುಚಿ ನೋಡೋಕೆ ಅಂತ ಮುಗಿಸಿದರು. ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. "ಒಂದೂವರೆ ಮುದ್ದೆನಾ?" ಅಂತ ಎರಡು ಸಲ ಕೇಳಿದ. ನೋಡಿದರೆ ಆತನೂ ಹಿಂದಿನ ದಿನದಿಂದ ಉಂಡಿರಲಿಲ್ಲ. ಮಹಡಿಯಮ್ಮ ಬೈದುಕೊಂಡೇ ಬಡಿಸಿದಳು. ನಾಲ್ಕು ಗಂಟೆಯ ಬಸ್ಸಿಗೆ ಅವನೊಬ್ಬನೇ ಹತ್ತಿದ. ಅವನ ಮಗಳು ನಾಲ್ಕು ವರ್ಷ ಓದಿದಳು, ವಾರಕ್ಕೊಂದು ಸಲ ನನ್ನ ಕೈಯಲ್ಲಿ ಮುದ್ದೆ ತರಿಸಿಕೊಂಡಳು.

ಅಂದಿನಿಂದ ಪ್ರತಿ ವರ್ಷ ಎರಡನೇ ದಿನದ ಬೆಳಗ್ಗೆ ಹಾಗೇ ನಡೆಯಿತು. ತಗಡು ಅದರ ಪಾಡಿಗೆ ಅದು ನಿಂತಿತ್ತು.

ನಾವು ಬಂದು ದಶಕ ಮುಗಿಯುವ ಹೊತ್ತಿಗೆ ಯಜಮಾನರು ಫ್ಯಾಕ್ಟರಿ ಬಿಟ್ಟರು, ನಾವು ತಿಪಟೂರಿಗೆ ವಾಪಸ್ ಹೊರಟೆವು. ಸಾಮಾನಿನ ಲಾರಿ ಮುಂದೆ ಹೋಯಿತು. ಆಕೆಗೆ ಹೇಳಿ ಹೋಗೋಣ ಅಂತ ಹೋದವಳು, ಮೆಟ್ಟಿಲ ಬಳಿಯೇ ಗೊಳೋ ಅಂತ ಅತ್ತುಬಿಟ್ಟೆ. ಆಕೆಯೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇವತ್ತು ಹೋಗೋ ಹಂಗಿಲ್ಲ. ಮ್ಯಾಲೆ ರೂಮ್ ತೆಗ್ದೈತೆ" ಅಂದಳು. ಯಜಮಾನರು ಏನೋ ಹೇಳಲು ಹೋದರು. ಅವರನ್ನು ಬೆಟ್ಟಕ್ಕೆ ಅಟ್ಟಿದಳು.

ಮಾರನೇ ದಿನ ನಾವು ಹೊರಟಾಗ ಆಕೆ ಮೇಲೆ ನಿಂತಿದ್ದಳು. ಬಸ್ಸು ಬಂತು. "ತಿಂಡಿ ತಿಂದ್ಯೇನೇ?" ಅಂತ ಕೂಗಿದಳು, ಆಗ ತಾನೇ ಆಕೆಯೇ ಎಂಟು ಇಡ್ಲಿ ತಿನ್ನಿಸಿ ಕಳಿಸಿದ್ದಳು. ನಾನು ಇಲ್ಲಾ ಅಂತ ಕೂಗಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಊರಿಗೆ ತಂದದ್ದು ಆ ಮುಖ. ಆಕೆ ಹೋದ ಸುದ್ದಿ ಬಂದಾಗಲೂ ನನಗೆ ಬೇರೆ ಮುಖ ಕಣ್ಣಿಗೆ ಬರಲಿಲ್ಲ.

ನಿನ್ನೆ ಚಿಕ್ಕಮ್ಮನ ಸೊಸೆಗೆ ವಾಪಸ್ ಫೋನ್ ಮಾಡಿದೆ. ಈಗ ಅಲ್ಲಿ ಹೋಟೆಲು, ಲಾಡ್ಜು ಬೇಕಾದಷ್ಟು ಆಗಿವೆಯಂತೆ, ಎಲ್ಲಾದ್ರೂ ಉಳ್ಕೊಳ್ಳಿ, ಏನಾದ್ರೂ ತಿನ್ನಿ ಅಂದೆ. "ಮತ್ತೆ ಏನು ವಿಚಾರಿಸಿದ್ರಿ ಅಕ್ಕಾ?" ಅಂತ ನಕ್ಕಳು.

"ಒಂದೇ ಮಾತು ಕಣೇ. ರೂಮು ಎರಡು ದಿನಕ್ಕೆ ಹಿಡಿ" ಅಂದೆ.